ಏಳು ಬಾವಿಯ ನೀರು

ಒಂದೂರಲ್ಲಿ ಮಾರನಾಯ್ಕ ಅಂತ ಒಬ್ಬ ಪಾಳೇಗಾರ ಇದ್ದನಂತೆ. ಆಳೋಕೆ ಬಂದ ದಿನದಿಂದ ಅವನಿಗೆ ಒಂದೇ ಅನುಮಾನ, ತಾನು ಎದ್ದರೆ ಗದ್ದುಗೆ ಮೇಲೆ ಇನ್ಯಾರೋ ಕೂತುಬಿಡ್ತಾರೆ ಅಂತ. ಅದಕ್ಕೇ ಅವನು ಏಳ್ತಲೇ ಇರಲಿಲ್ಲವಂತೆ. ನ್ಯಾಯ ಹೇಳೋದೂ ಅಲ್ಲೇ, ಉಣ್ಣೋದೂ ಅಲ್ಲೇ, ತೂಕಡಿಸೋದೂ ಅಲ್ಲೇ.

ಒಂದು ವರ್ಷ ಆಯ್ತು, ಎರಡು ವರ್ಷ ಆಯ್ತು, ಮೂರನೇ ವರ್ಷಕ್ಕೆ ಕಾಲು ಬಾತುಕೊಂಡವು. ಸೊಂಟ ಹಿಡೀತು. ನಾಲ್ಕು ಮಾತಾಡೋದರೊಳಗೆ ಏದುಸಿರು. ಯಾರೋ ನನಗೆ ವಿಷ ಹಾಕ್ತಿದ್ದಾರೆ ಅಂದುಕೊಂಡನಂತೆ ನಾಯ್ಕ. ಹೆಂಡತಿ ವೀಳ್ಯ ಮಡಿಸಿಕೊಟ್ಟರೆ ಬಿಚ್ಚಿ ನೋಡ್ದ. ತಮ್ಮ ಬಂದು ಮೈ ಹೇಗಿದೆ ಅಂತ ಕೇಳಿದರೆ, ಇವನಿಗ್ಯಾಕೆ ನನ್ನ ಮೈ ಚಿಂತೆ ಅಂತ ದಿಟ್ಟಿಸಿ ನೋಡ್ದ. ಕೊನೆಗೆ, ಚಿಕ್ಕಂದಿನಿಂದ ಉಣ್ಣಿಸಿ ಬೆಳೆಸಿದ ಅಡಿಗೆಯ ಪುಟ್ಟೀರಮ್ಮನ್ನೇ ಊರು ಬಿಡಿಸಿದನಂತೆ. ಆಕೆ ಸೆರಗಲ್ಲಿ ಕಣ್ಣೊರೆಸಿಕೊಂಡು ತವರಿಗೆ ಹೋದಳು. ಕಾಲಿನ ಬಾವು ಮಾತ್ರ ಇಳೀಲಿಲ್ಲ.

ಆಗ ಹೆಂಡತಿ, ಬೇರಿನ ಮದ್ದು ಕೊಡೋ ಕಾಟಜ್ಜಿಯನ್ನ ಕರೆಸಿದಳಂತೆ. ಅಜ್ಜಿ ಅವನ ಕಾಲನ್ನ ಹೆಬ್ಬೆರಳಲ್ಲಿ ಒತ್ತಿದಳು. ಒತ್ತಿದ ಕಡೆ ಗುಳಿ ಬಿತ್ತು. ಮದ್ದು ಕೊಟ್ಟರೆ ಈತ ಕುಡಿಯೋನಲ್ಲ ಅಂತ ಅವನ ನೋಟದಲ್ಲೇ ಅವಳಿಗೆ ಗೊತ್ತಾಯ್ತು.

"ಊರ ಸುತ್ತ ಏಳು ಬಾವಿ ಇವೆ, ದೊರೆ. ದಿನಾ ಒಂದೊಂದರಲ್ಲೂ ಒಂದು ಬೊಗಸೆ ನೀರು ಕುಡೀಬೇಕು. ಆಳಿನ ಕೈಲಿ ತರಿಸಿದರೆ ದಾರೀಲಿ ಏನು ಬೆರೆಸ್ತಾರೋ ಏನೋ. ನೀನೇ ನಡೆದು ಹೋಗು."

ಈ ಮಾತು ನಾಯ್ಕನಿಗೆ ಹಿಡಿಸ್ತು. ಗದ್ದುಗೆ ಕೋಣೆಗೆ ಬೀಗ ಜಡಿದು, ಕೀಲಿ ಉಡಿದಾರಕ್ಕೆ ಕಟ್ಟಿಕೊಂಡು ಹೊರಟನಂತೆ. ಮೊದಲ ದಿನ ಒಂದು ಬಾವಿ ಮುಟ್ಟೋದರಲ್ಲೇ ಮೂರು ಕಡೆ ನಿಂತ. ನಿಂತಾಗೆಲ್ಲ, ಹಿಂದೆ ಯಾರು ಬರ್ತಿದ್ದಾರೆ ಅಂತ ತಿರುಗಿ ನೋಡ್ದ. ಹತ್ತನೇ ದಿನ ನಾಲ್ಕು ಬಾವಿ ಆಯ್ತು, ತಿಂಗಳಿಗೆ ಏಳೂ ಆಯ್ತು. ಬಾವು ಇಳೀತು, ಉಸಿರು ಹದಕ್ಕೆ ಬಂತು, ಹಸಿವು ಹುಟ್ಟಿತು.

ಅಜ್ಜಿಯನ್ನ ಕರೆಸಿ, ವಿಷ ಹಾಕಿದೋರು ಯಾರು ಹೇಳು ಅಂದನಂತೆ.

"ಯಾರೂ ಹಾಕಿಲ್ಲಪ್ಪ. ಮೂರು ವರ್ಷ ಕೂತಲ್ಲೇ ಕೂತಿದ್ದೆ, ಮೈ ಕೆಟ್ಟಿತು. ನೀರಲ್ಲೂ ಏನಿಲ್ಲ. ನಡೆದೆ, ವಾಸಿಯಾಯ್ತು."

ಇವಳಿಗೂ ಯಾರೋ ಹೇಳಿಕೊಟ್ಟಿರಬೇಕು ಅಂತ ಆಗಲೂ ನಾಯ್ಕನಿಗೆ ಅನ್ನಿಸ್ತಂತೆ. ಆದರೆ ತನ್ನ ಕಾಲು ತಾನೇ ನೋಡಿಕೊಂಡ. ಸುಳ್ಳು ಅನ್ನೋಕೆ ಬಾಯಿ ಬರಲಿಲ್ಲ.

ಮಾರನೇ ದಿನ ಪಲ್ಲಕ್ಕಿ ಬೇಡ ಅಂತ, ಹರದಾರಿ ದೂರದ ಪುಟ್ಟೀರಮ್ಮನ ತವರಿಗೆ ನಡೆದೇ ಹೋದ. ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣವ್ವ, ಮನೆಗೆ ಬಾ" ಅಂದ.

ಆಕೆ ಒಳಗೆ ಹೋಗಿ, ಬಿಸಿ ಮುದ್ದೆ, ಅವರೆಕಾಳು ಸಾರು ತಂದಿಟ್ಟಳು.

"ನಾನು ಬರಲ್ಲ ಮಗ. ನನ್ನ ಕೈಯೂಟ ಬೇಕು ಅನ್ನಿಸಿದಾಗ ನಡಕೊಂಡು ಬಾ."

ಪುಟ್ಟೀರಮ್ಮ ಬದುಕಿರೋವರೆಗೂ ಅವನು ವಾರ ತಪ್ಪಿಸಲಿಲ್ಲವಂತೆ. ಅವರ ಕಥೆ ಅವರೂರಲ್ಲಿ ಉಳೀತು, ಕೇಳಿದೋರು ಎದ್ದು ಮನೆ ಕಡೆ ನಡೀರಿ.