ಹೆಗಲ ಜಡ್ಡಿಗೆ ಹಚ್ಚಿದ ಎಣ್ಣೆ

‘ದಪ್ಪಗಾಗಬೇಕಿದ್ದ ಹೃದಯ ದಪ್ಪಗಾಗದೆ ಉಳಿದರೆ, ನಮ್ಮ ಔಷಧ ಗೆದ್ದಿತು ಎಂದು ಬರೆಯಬಹುದಲ್ಲವೇ ಮೇಡಂ?’ ಎಂದು ಕೊಟ್ರೇಶ ಕೇಳಿದ.

ನೀಲಾಂಬಿಕೆ ಮೇಡಂ ಮೂವತ್ತು ವರ್ಷಗಳಿಂದ ಸೋತ ಹೃದಯವನ್ನೇ ಓದುತ್ತಿದ್ದವರು. ಕೊಟ್ರೇಶ ಅವರ ಕೈಕೆಳಗೆ ಐದು ವರ್ಷ ಸವೆಸಿದ ಶಿಷ್ಯ. ಅವನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಇಲಿಯ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ದಾರ ಸುತ್ತಿ ಬಿಗಿಯಬೇಕು. ದಾರಿ ಕಿರಿದಾದ ಮೇಲೆ ಹೃದಯ ಹೆಚ್ಚು ಬಲ ಹಾಕಿ ರಕ್ತವನ್ನು ನೂಕುತ್ತದೆ. ನೂಕಿ ನೂಕಿ ಅದರ ಗೋಡೆ ದಪ್ಪಗಾಗುತ್ತದೆ. ಕೆಲವು ಕಾಲ ಆ ದಪ್ಪವೇ ಅದನ್ನು ಕಾಯುತ್ತದೆ. ಆಮೇಲೆ ಅದೇ ಗೋಡೆ ಸಡಿಲಾಗಿ, ಹೃದಯ ಹಿಗ್ಗಿ, ಸೋಲುತ್ತದೆ. ವರ್ಷಗಟ್ಟಲೆ ರಕ್ತದೊತ್ತಡ ಏರಿದ ಮನುಷ್ಯರಲ್ಲೂ ಆಗುವುದು ಹೆಚ್ಚುಕಡಿಮೆ ಇದೇ.

ಕೀಲುನೋವಿಗೆಂದು ಆಗಲೇ ಅಂಗಡಿಯಲ್ಲಿ ಸಿಗುತ್ತಿದ್ದ ಒಂದು ಮಾತ್ರೆ ಆ ದಪ್ಪವನ್ನು ತಡೆಯುತ್ತದೆ ಎಂಬುದು ಕೊಟ್ರೇಶನ ಎಣಿಕೆ. ಎಣಿಕೆ ಹುಸಿಯಾಗಲಿಲ್ಲ. ಎಂಟು ವಾರಗಳ ಕೊನೆಗೆ ತೂಗಿ ನೋಡಿದಾಗ, ಮಾತ್ರೆ ತಿಂದ ಇಲಿಗಳ ಹೃದಯ ದಾರವನ್ನೇ ಕಾಣದ ಇಲಿಗಳ ಹೃದಯದಷ್ಟೇ ಇತ್ತು. ಸುದ್ದಿ ತಿಳಿದ ಒಬ್ಬ ವೈದ್ಯರು ತಮ್ಮ ಆಸ್ಪತ್ರೆಯ ನಲವತ್ತು ರೋಗಿಗಳಿಗೆ ಕೊಟ್ಟು ನೋಡಲು ಸಿದ್ಧರಾಗಿದ್ದರು. ಲೇಖನ ಹೊರಬರುವುದನ್ನೇ ಕಾಯುತ್ತಿದ್ದರು. ಅದು ಸೋಮವಾರ ಪತ್ರಿಕೆಗೆ ಹೋಗಬೇಕಿತ್ತು. ಹೋದರೆ ಕೊಟ್ರೇಶನಿಗೆ ಪದವಿ. ಹೋಗದಿದ್ದರೆ ಇನ್ನೂ ಎರಡು ವರ್ಷ. ಅವನ ಅಕ್ಕ ಹಬ್ಬಕ್ಕೊಮ್ಮೆ ಫೋನು ಮಾಡಿ, ‘ಏನಪ್ಪಾ, ಈ ಸಲವಾದರೂ ನಿನ್ನ ಇಲಿಗಳು ಪಾಸಾದವೋ ಇಲ್ಲವೋ?’ ಎಂದು ಕೇಳುವುದು ಇದ್ದೇ ಇತ್ತು.

ಮೇಡಂ ಹಾಳೆಗಳನ್ನು ತಿರುವಿದರು. ಮಾತ್ರೆ ತಿಂದ ಇಲಿಗಳು ಇಪ್ಪತ್ತನಾಲ್ಕು, ತೂಗಿದ ಹೃದಯ ಹದಿನೈದು. ಉಳಿದವು ಎಲ್ಲಿ ಎಂದು ಕೇಳಿದರು. ಶಸ್ತ್ರಚಿಕಿತ್ಸೆಯ ತೊಡಕಿನಿಂದ ಸತ್ತವು ಎಂದ ಕೊಟ್ರೇಶ.

ಹಾಗೆ ಸತ್ತವನ್ನು ಎಣಿಕೆಗೆ ಹಿಡಿಯದಿರುವುದು ಆ ಪ್ರಯೋಗಾಲಯದ ರೂಢಿ. ಕತ್ತರಿಯ ತಪ್ಪನ್ನು ಔಷಧದ ತಲೆಗೆ ಕಟ್ಟಬಾರದು ಎಂದು ಮಾಡಿಕೊಂಡದ್ದು, ನ್ಯಾಯವಾದದ್ದೇ. ಆದರೆ ಕತ್ತರಿಯಿಂದ ಸಾಯುವ ಇಲಿ ಮೂರು ದಿನದೊಳಗೆ ಸಾಯುತ್ತದೆ. ಈ ಒಂಬತ್ತು ಸತ್ತದ್ದು ನಾಲ್ಕನೆಯ ಮತ್ತು ಐದನೆಯ ವಾರದಲ್ಲಿ. ದಾರ ಬಿಗಿಸಿಕೊಂಡೂ ಮಾತ್ರೆ ತಿನ್ನದ ಅಷ್ಟೇ ಇಲಿಗಳ ಗುಂಪಿನಲ್ಲಿ ಆ ಹೊತ್ತಿಗೆ ಸತ್ತವು ಎರಡೇ. ಕೊಟ್ರೇಶ ಸುಳ್ಳುಗಾರನಲ್ಲ. ಒಂದೊಂದು ಇಲಿ ಸತ್ತಾಗಲೂ, ದಾರ ತುಸು ಬಿಗಿಯಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಒಂಬತ್ತು ಸಲ ಹೇಳಿಕೊಂಡ ಮೇಲೆ ಅದು ಅವನ ಮಟ್ಟಿಗೆ ನಿಜವೇ ಆಗಿಬಿಟ್ಟಿತ್ತು.

ಮೇಡಂ ಬೈಯಲಿಲ್ಲ. ಹಾಳೆಗಳನ್ನು ಕೆಳಗಿಟ್ಟು, ಒಂದು ಕತೆ ಹೇಳುತ್ತೇನೆ, ಕುಳಿತುಕೋ ಎಂದರು. ಬೈದಿದ್ದರೇ ಚೆನ್ನಾಗಿತ್ತು ಎಂದುಕೊಂಡ ಕೊಟ್ರೇಶ. ಅವರ ಬೈಗುಳ ಒಂದು ಗಳಿಗೆ, ಕತೆ ಒಂದು ವರ್ಷ ಎಂದು ಹಳೆಯ ಶಿಷ್ಯರು ಹೇಳುತ್ತಿದ್ದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ. ಅವನ ಮಂಡಿಯಲ್ಲಿ ಹನ್ನೆರಡು ಮಂದಿ ಹಮಾಲರು. ಗಾಡಿಯಿಂದ ಇಳಿದ ಮೂಟೆಯನ್ನು ಹೆಗಲ ಮೇಲೆ ಹೊತ್ತು, ಇಪ್ಪತ್ತು ಮೆಟ್ಟಿಲು ಹತ್ತಿ, ಮೇಲಿನ ಉಗ್ರಾಣದಲ್ಲಿ ಒಟ್ಟುವುದು ಅವರ ಕೆಲಸ. ಹೊತ್ತು ಹೊತ್ತು ಹನ್ನೆರಡು ಮಂದಿಯ ಹೆಗಲಲ್ಲೂ ತೆಂಗಿನ ಕರಟದಷ್ಟು ಜಡ್ಡು ಎದ್ದಿತ್ತು.

ಒಮ್ಮೆ ಬೇರೆ ಊರಿನ ವ್ಯಾಪಾರಿಯೊಬ್ಬ ಬಂದವನು ಅವರನ್ನು ನೋಡಿ, ‘ಏನು ಸಾಹುಕಾರರೇ, ಮಂಡಿ ಬಿಟ್ಟು ಒಂಟೆ ಸಾಕಲು ಶುರು ಮಾಡಿದಿರಾ?’ ಎಂದು ನಕ್ಕ. ಸಾಹುಕಾರನಿಗೆ ಮುಖಭಂಗವಾಯಿತು. ಅವನು ಕೆಟ್ಟವನಲ್ಲ. ಕಣ್ಣೆದುರಿಗಿದ್ದ ಕಾಯಿಲೆ ಇಷ್ಟು ದಿನ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನಿಜವಾಗಿಯೂ ನೊಂದುಕೊಂಡ. ವೈದ್ಯನನ್ನು ಕರೆಸಿದ. ವೈದ್ಯ ಜಡ್ಡನ್ನು ಒತ್ತಿ ನೋಡಿ, ಇದೇನು ಮಹಾ ಎಂದು ಒಂದು ಎಣ್ಣೆ ಕಾಯಿಸಿ ಕೊಟ್ಟ.

ಹಮಾಲರಲ್ಲಿ ಹಿರಿಯನೊಬ್ಬ ಹಚ್ಚಿಸಿಕೊಳ್ಳಲು ಒಪ್ಪಲಿಲ್ಲ.

‘ಇದು ರೋಗ ಅಲ್ಲ ಧಣಿ, ಮೂಟೆ ಕೂರುವ ಜಾಗ’ ಎಂದ.

‘ನೋವಿಲ್ಲವೇನೋ?’

‘ಇದೆ. ಹೀಗೇ ಬೆಳೆದರೆ ಒಂದು ದಿನ ಕತ್ತು ಹೊರಳುವುದಿಲ್ಲ, ಅದೂ ಗೊತ್ತು. ಇಳಿಸುವುದಾದರೆ ಮೂಟೆ ಇಳಿಸಿ. ಜಡ್ಡು ತಾನಾಗಿ ಇಳಿಯುತ್ತದೆ.’

ಮೂಟೆ ಇಳಿಸಿದರೆ ಮಂಡಿ ನಡೆಯುವುದು ಹೇಗೆ ಎಂದು ಸಾಹುಕಾರ ನಕ್ಕುಬಿಟ್ಟ. ಹಿರಿಯನನ್ನೂ ಬಿಡದೆ ಎಲ್ಲರಿಗೂ ಎಣ್ಣೆ ಹಚ್ಚಿಸಿದ.

ಎಣ್ಣೆಯೇನೋ ಒಳ್ಳೆಯ ಎಣ್ಣೆ. ತಿಂಗಳೊಳಗೆ ಜಡ್ಡು ಕರಗಿತು. ಹನ್ನೆರಡು ಮಂದಿಯ ಹೆಗಲೂ ಅರಿಸಿನ ಹಚ್ಚಿದ ಮದುಮಗನ ಹೆಗಲಿನಂತೆ ನುಣ್ಣಗಾಯಿತು. ಇನ್ನೊಂದು ಮದುವೆಯ ಯೋಚನೆಯೋ ಎಂದು ಹೆಂಡಂದಿರು ಗಂಡಂದಿರನ್ನು ಛೇಡಿಸಿದರು. ಸಾಹುಕಾರ ವೈದ್ಯನಿಗೆ ಶಾಲು ಹೊದಿಸಿದ. ಮೂಟೆಯ ತೂಕ ಮಾತ್ರ ಮೊದಲಿನಷ್ಟೇ ಇತ್ತು. ಮೆಟ್ಟಿಲೂ ಇಪ್ಪತ್ತೇ.

ಮೊದಲು ಒಬ್ಬನ ಹೆಗಲ ಚರ್ಮ ಸುಲಿದು ಕೀವು ತುಂಬಿತು. ಬಿಸಿಲಿನ ತಾಪ ಎಂದ ಮಂಡಿಯ ಗುಮಾಸ್ತ. ಇನ್ನೊಬ್ಬನ ಹೆಗಲ ಮೂಳೆ ಬಿರುಕು ಬಿಟ್ಟಿತು. ಅವನು ಮೊದಲಿನಿಂದಲೂ ಅಶಕ್ತ ಎಂದ. ಒಪ್ಪದಿದ್ದ ಹಿರಿಯನು ಹದಿನಾರನೆಯ ಮೆಟ್ಟಿಲಿನಿಂದ ಮೂಟೆಯ ಸಮೇತ ಉರುಳಿದವನು ಮತ್ತೆ ಏಳಲಿಲ್ಲ. ವಯಸ್ಸಾಗಿತ್ತು ಎಂದ. ಮಳೆಗಾಲ ಬರುವಷ್ಟರಲ್ಲಿ ಐದು ಮಂದಿ ಹೋದರು. ಐವರಿಗೂ ಒಂದೊಂದು ಕಾರಣ ಸಿಕ್ಕಿತು. ಒಂದು ಕಾರಣದಲ್ಲೂ ಎಣ್ಣೆಯ ಮಾತಿರಲಿಲ್ಲ, ಮೂಟೆಯ ಮಾತೂ ಇರಲಿಲ್ಲ.

ಒಂಟೆ ಎಂದು ನಕ್ಕಿದ್ದ ವ್ಯಾಪಾರಿ ಮತ್ತೆ ಬಂದ. ಸಾಹುಕಾರ ಈ ದಿನಕ್ಕಾಗಿಯೇ ಕಾದಿದ್ದ. ಹಮಾಲರಿಗೆ ಅಂಗಿ ಬಿಚ್ಚಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ.

‘ಈಗ ಒಬ್ಬನ ಹೆಗಲಲ್ಲಾದರೂ ಜಡ್ಡಿದ್ದರೆ ತೋರಿಸಿ’ ಎಂದ.

ಬಂದವನು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೆಗಲುಗಳನ್ನು ಸವರಿ ನೋಡಿದ. ಒಂದರಲ್ಲೂ ಜಡ್ಡಿರಲಿಲ್ಲ. ಸಾಲಿನಲ್ಲಿ ಏಳು ಮಂದಿ ಇದ್ದರು. ಮೊದಲು ಎಷ್ಟು ಮಂದಿ ಇದ್ದರೆಂಬುದು ಅವನಿಗೆ ನೆನಪಿರಲಿಲ್ಲ, ಯಾರೂ ನೆನಪಿಸಲಿಲ್ಲ. ತನ್ನ ಊರಿನ ಮಂಡಿಯಲ್ಲಿ ಇನ್ನೂರು ಹಮಾಲರಿದ್ದಾರೆ, ಅವರಿಗೂ ಇದಾಗಬೇಕು ಎಂದು ಹೇಳಿ, ಎಣ್ಣೆಯ ಕೊಡಗಳನ್ನು ಗಾಡಿಗೆ ಹೇರಿಸಿಕೊಂಡು ಹೋದ.

ಮೇಡಂ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕೊಟ್ರೇಶ ತಲೆ ತಗ್ಗಿಸಿ ಕುಳಿತಿದ್ದ. ಕತೆ ಅವನಿಗೆ ಅರ್ಥವಾಗಿತ್ತು. ಆದರೂ ಮನಸ್ಸು ಸೋಮವಾರವನ್ನು ಬಿಟ್ಟಿರಲಿಲ್ಲ. ತಪ್ಪು ಮಾಡಿದವನಿಗೆ ಕತೆಯಲ್ಲಿ ಏನಾದರೊಂದು ಆಗಲೇಬೇಕು. ಮಂಡಿ ಮುಳುಗಿತು ಎಂದೋ, ಊರವರು ಉಗಿದರು ಎಂದೋ ಮೇಡಂ ಹೇಳಿಬಿಟ್ಟರೆ, ಅದಕ್ಕೆ ಹೆದರಿಯಾದರೂ ಆ ಒಂಬತ್ತನ್ನು ಎಣಿಕೆಗೆ ಸೇರಿಸಿಬಿಡಬಹುದು ಎನ್ನಿಸಿತು.

‘ಕೊನೆಗೆ ಆ ಸಾಹುಕಾರನಿಗೆ ಏನಾಯಿತು ಮೇಡಂ?’ ಎಂದು ಕೇಳಿದ.

‘ಅವನಿಗೇನಾಗುತ್ತದೆ ಕೊಟ್ರೇಶ, ಮೂಟೆ ಹೊತ್ತದ್ದು ಅವನಲ್ಲವಲ್ಲ.’