ಪೆರಿನ್‌ಳ ಹುಲ್ಲುಗಾವಲು

ಫ್ರಾನ್ಸಿನ ಒಂದು ಹಳ್ಳಿ. ಪಕ್ಕದಲ್ಲೇ ನದಿ. ಅದರ ದಡದಲ್ಲಿ ಕೂತು ಹೊಲ, ಹುಲ್ಲು, ಆಕಾಶ ಬಿಟ್ಟು ಬೇರೇನನ್ನೂ ಬರೆಯದ ಮುದಿ ಚಿತ್ರಕಾರರೊಬ್ಬರಿದ್ದರು. ಹೆಸರು ಆನ್ಸೆಲ್ಮ್. ಅವರ ಹತ್ತಿರ ಕಲಿಯಲು ಬಂದವಳು ಸೊಲಾಂಜ್.

ಗುರುವಿನದು ಒಂದೇ ಹಟ. ಎದುರಿಗಿದ್ದದ್ದನ್ನು ಎದುರಿಗೆ ಕೂತೇ ಬರೆಯಬೇಕು. ಬೆಳಕು ತಿರುಗಿತೋ, ಬಣ್ಣದ ಪೆಟ್ಟಿಗೆ ಮುಚ್ಚಬೇಕು. ಚಿತ್ರ ಅರ್ಧವಾಗಿದ್ದರೂ ಅಷ್ಟೇ. ಅವರ ಮನೆಯ ಗೋಡೆ ತುಂಬ ಅರೆಬರೆ ಚಿತ್ರಗಳೇ.

"ಇವನ್ನು ಮುಗಿಸಬಾರದೇ ಗುರುಗಳೇ?" ಎಂದು ಸೊಲಾಂಜ್ ಕೇಳಿದಳು.

"ಹೊಲ ನನಗಾಗಿ ಕಾಯುವುದಿಲ್ಲ. ನಾನೂ ಅದನ್ನು ಕಾಯಿಸುವುದಿಲ್ಲ."

ಇದೆಂಥ ಉತ್ತರ! ಅವಳಿಗೆ ಕೋಪವೇ ಬಂತು. ಪ್ಯಾರಿಸ್ಸಿನ ಪ್ರದರ್ಶನ ಹತ್ತಿರ ಬಂದಿತ್ತು. ಈ ಸಲವೂ ಅಲ್ಲಿ ನಿನ್ನ ಚಿತ್ರ ತೂಗದಿದ್ದರೆ ಕುಂಚ ಬಿಟ್ಟು ಮನೆಗೆ ಬಾ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

ಅವಳು ಬರೆಯುತ್ತಿದ್ದದ್ದು ಪೆರಿನ್‌ಳ ಹುಲ್ಲುಗಾವಲು. ಪೆರಿನ್ ಗಂಡ ಸತ್ತವಳು, ಎರಡು ಹಸು ಕಟ್ಟಿಕೊಂಡು ಬಾಳುವವಳು. ಸೊಂಟದೆತ್ತರದ ಹುಲ್ಲು, ಅದರ ಮೇಲೆ ಎಳೆಬಿಸಿಲು. ಚಿತ್ರ ಇನ್ನೇನು ಮುಗಿಯಬೇಕು, ಪೆರಿನ್ ಕುಡುಗೋಲು ಹಿಡಿದು ಬಂದಳು. ಬಲಿತ ಹುಲ್ಲಿಗೇನು ಗೊತ್ತು, ಪ್ಯಾರಿಸ್ಸಿನ ತಾರೀಖು!

ಸೊಲಾಂಜ್ ಓಡಿಹೋಗಿ ಕೈ ಹಿಡಿದಳು. "ಇನ್ನೊಂದೆರಡು ದಿನ ಬಿಡಮ್ಮಾ. ಚಿತ್ರ ಮುಗಿದುಬಿಡಲಿ."

ಪೆರಿನ್ ಆಕಾಶ ನೋಡಿದಳು. ಚಳಿಗಾಲ ಪೂರ್ತಿ ಅವಳ ಹಸುಗಳಿಗೆ ಆ ಹುಲ್ಲೇ ಮೇವು. "ಗುರುಗಳ ಹುಡುಗಿ ಬಾಯಿಬಿಟ್ಟು ಕೇಳ್ತಿದ್ದೀಯ. ಇಲ್ಲ ಅನ್ನೋದು ಹೇಗೆ?" ಎಂದು ವಾಪಸು ಹೋದಳು.

ಇದನ್ನು ಸೊಲಾಂಜ್ ಗುರುವಿಗೆ ಹೇಳಲಿಲ್ಲ. ಚಿತ್ರ ಮುಗಿಸಿದಳು. ಅದೇ ಸಂಜೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಹುಲ್ಲು ನೆಲಕ್ಕೆ ಮಲಗಿ ಕೊಳೆಯಿತು.

ಮಳೆ ನಿಂತ ದಿನ ಗುರು ಅವಳ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಚೆನ್ನಾಗಿದೆ. ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಬಂದಿಲ್ಲ."

ಅವಳ ಕಣ್ಣು ತುಂಬಿತು. ಇದೊಂದು ಮಾತಿಗೆ ಎಷ್ಟು ಹಂಬಲಿಸಿದ್ದಳು!

"ಪೆರಿನ್ ಯಾವತ್ತೂ ಮಳೆಗೆ ಮುಂಚೆ ಕೊಯ್ಯುವವಳು," ಎಂದರು ಗುರು. "ಈ ಸಲ ಯಾಕೆ ತಡಮಾಡಿದಳೋ?"

ಸೊಲಾಂಜ್ ತಲೆ ತಗ್ಗಿಸಿದಳು. ಆಮೇಲೆ ಎಲ್ಲ ಹೇಳಿದಳು.

ಗುರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡು ಹುಲ್ಲುಗಾವಲಿಗೆ ನಡೆದರು. ಅವಳೂ ಹಿಂದೆಯೇ ಹೋದಳು.

ಪೆರಿನ್ ಜೊತೆ ಸೇರಿ ಉಳಿದದ್ದನ್ನು ಕೊಯ್ದರು, ಹರಡಿದರು, ತಿರುವಿ ತಿರುವಿ ಒಣಗಿಸಿದರು. ಸೊಲಾಂಜ್‌ಳ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಸಿಕ್ಕಿದ್ದು ಒಂದು ಹಸುವಿಗೆ ಸಾಕಾಗುವಷ್ಟು. ಇನ್ನೊಂದನ್ನು ಪೆರಿನ್‌ಳ ತಮ್ಮ ಬಂದು ತನ್ನೂರಿಗೆ ಹೊಡೆದುಕೊಂಡು ಹೋದ. ಪೆರಿನ್ ಅದರ ಕೊರಳು ಸವರಿ ಕಳಿಸಿದಳು. ಸೊಲಾಂಜ್‌ಗೆ ಒಂದು ಮಾತೂ ಅನ್ನಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ಚಿತ್ರ ಕೆರೆದುಹಾಕಲು ಚಾಕು ಎತ್ತಿದಳು. ಗುರು ಕೈ ಹಿಡಿದರು.

"ಹುಲ್ಲಂತೂ ಹೋಯಿತು. ಇದನ್ನೂ ಹಾಳು ಮಾಡುತ್ತೀಯಾ?"

"ಮತ್ತೇನು ಮಾಡಲಿ?"

"ಪ್ಯಾರಿಸ್ಸಿಗೆ ಕಳಿಸು. ಸಹಿ ಹಾಕಿದ್ದೀಯಾ?"

"ಇನ್ನೂ ಇಲ್ಲ."

ಗುರು ಕುಂಚವನ್ನು ಬಣ್ಣದಲ್ಲಿ ಅದ್ದಿ ಅವಳ ಬೊಬ್ಬೆಯೆದ್ದ ಕೈಗೆ ಕೊಟ್ಟರು. ಅವಳು ಚಿತ್ರದ ಮೂಲೆಗೆ ಬಾಗಿದಳು.

"ನಿನ್ನ ಹೆಸರಲ್ಲ," ಎಂದರು. "ಪೆರಿನ್‌ಳ ಹೆಸರು ಹಾಕು."

ಅವಳ ಕೈ ಅಲ್ಲೇ ನಿಂತಿತು. "ಗುರುಗಳೇ, ನನ್ನ ಹೆಸರಿಲ್ಲದಿದ್ದರೆ ಅಪ್ಪ ನಂಬುವುದಿಲ್ಲ. ನಾನು ಕುಂಚ ಬಿಟ್ಟ ಹಾಗೆಯೇ. ಇದನ್ನು ಬರೆದವಳು ನಾನಲ್ಲವೇ?"

"ಹೌದಮ್ಮಾ, ಬರೆದವಳು ನೀನೇ. ಕಾದವಳು ಅವಳು."