ಜವಾನನಿಗೆ ಬಂದ ಶೋಕಾಸ್ ನೋಟಿಸು

ನೀರು ಸರಬರಾಜು ಆಫೀಸಿನಲ್ಲಿ ಒಬ್ಬ ಜವಾನ ಇದ್ದ. ಅವರೆಕಾಯಿ ಕಾಲ. ಒಂದು ಮಂಗಳವಾರ ಸಾಹೇಬರಾದ ಶಿವರುದ್ರಯ್ಯನವರು ಅವನನ್ನು ತಮ್ಮ ಮನೆಗೆ ಕಳಿಸಿ, ನೆನೆಸಿದ ಕಾಳು ಹಿತುಕಲು ಕೂರಿಸಿದರು. ಅದೇ ಹೊತ್ತಿಗೆ ಮೇಲಧಿಕಾರಿ ಆಫೀಸಿಗೆ ಬಂದು, "ಜವಾನ ಎಲ್ರೀ?" ಎಂದುಬಿಟ್ಟರು.

"ಹೇಳದೆ ಕೇಳದೆ ಗೈರುಹಾಜರಿ ಸಾರ್" ಎಂದು ಸಾಹೇಬರು ಜಾರಿಕೊಂಡರು.

ಮರುದಿನ ಜವಾನನ ಕೈಗೆ ಇಂಗ್ಲಿಷ್ ಕಾಗದ ಬಂತು.

"ಇದೇನು ಸಾರ್?"

"ಶೋಕಾಸ್ ನೋಟಿಸು. ಮೂರು ದಿನದಲ್ಲಿ ಉತ್ತರ ಕೊಡದಿದ್ರೆ ಕೆಲಸ ಹೋಯ್ತು ಅಂದ್ಕೊ!"

ಮೂರನೇ ದಿನ ಮೇಲಧಿಕಾರಿ ಮತ್ತೆ ಬರುವುದಿತ್ತು. ಸಾಹೇಬರು ನೋಡುತ್ತಾರೆ, ಬಾಗಿಲ ಪಕ್ಕದ ಗಾಜಿನ ಬೀರುವಿನಲ್ಲಿ, ಬಹುಮಾನದ ಕಪ್ಪುಗಳ ನಡುವೆ ನೋಟಿಸು ನಿಂತಿದೆ! ನಲ್ಲಿ ಅರ್ಜಿಗೆ ಬಂದವರೆಲ್ಲ ಇಣುಕುತ್ತಿದ್ದಾರೆ.

"ಏಯ್, ಯಾಕೋ ಇದನ್ನ ಇಲ್ಲಿಟ್ಟೆ?"

"ನೀವೇ ಶೋಕೇಸ್ ನೋಟಿಸು ಅಂದ್ರಲ್ಲ ಸಾರ್."

"ಶೋಕೇಸ್ ಅಲ್ಲಯ್ಯ, ಶೋಕಾಸ್! ಕಾರಣ ತೋರ್ಸು ಅಂತ ಅರ್ಥ!"

"ಅದನ್ನೂ ಪಕ್ಕದಲ್ಲೇ ಇಟ್ಟಿದ್ದೀನಲ್ಲ ಸಾರ್."

ದೊಡ್ಡ ಕಪ್ಪಿನ ತುಂಬ ಅವರೆಸಿಪ್ಪೆ. ಮೇಲೊಂದು ಚೀಟಿ: "ಸಾಹೇಬರ ಮನೆಯದು, ಮಂಗಳವಾರದ್ದು."

ಹೊರಗೆ ಜೀಪು ನಿಂತ ಸದ್ದಾಯಿತು. ಸಾಹೇಬರು ನೋಟಿಸನ್ನು ಹರಿದು ಒಂದು ಜೇಬಿಗೆ ತುರುಕಿದರು, ಸಿಪ್ಪೆಯನ್ನು ಇನ್ನೊಂದಕ್ಕೆ.

ಜವಾನ ಈಗಲೂ ಅಲ್ಲೇ ಇದ್ದಾನೆ. ಅವರೆಕಾಳು ಮಾತ್ರ ಸಾಹೇಬರೇ ಹಿತುಕುತ್ತಾರಂತೆ.